ಮೊದಲು ಮನೆಯೋ, ಮೊದಲು ತೊಟ್ಟಿಲೋ?

2019ರ ಯುಗಾದಿ ಸಮಾರಂಭದ ದಿನ. ಮಿಸಿಸಾಗದ ಶಾಲೆಯೊಂದರ ಸಭಾಂಗಣದಲ್ಲಿ ಮಕ್ಕಳ ನೃತ್ಯ ಮುಗಿದಿತ್ತು. ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಾವಿಬ್ಬರೂ ಕುಳಿತುಕೊಳ್ಳಲು ಜಾಗ ಹುಡುಕುತ್ತಿದ್ದೆವು. ಹಿರಿಯ ದಂಪತಿಗಳೊಬ್ಬರು ಪ್ರೀತಿಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ರಾಯರು ಕೇಳಿದರು: "ಏನಪ್ಪಾ, ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೀರಾ? ನಾವು ಈ ದೇಶಕ್ಕೆ ಬಂದ ಮೂರನೆಯ ವರ್ಷಕ್ಕೇ ಮನೆ ತೊಗೊಂಡೆವು." ಅವರ ಮನೆಯವರು ಸ್ವಲ್ಪ ಬಾಗಿ, ದನಿ ತಗ್ಗಿಸಿ ಕೇಳಿದರು: "ಏನಮ್ಮಾ, ವಿಶೇಷ ಏನಾದರೂ ಇದೆಯೇ?"

ಮದುವೆಯಾಗಿ ಮೂರು ವರ್ಷವಾಗಿದ್ದ ನಮಗೆ ಈ ಎರಡು ಪ್ರಶ್ನೆಗಳೂ ಹೊಸವಲ್ಲ. ಎರಡಕ್ಕೂ ನಾವು ಕೊಡುತ್ತಿದ್ದ ಉತ್ತರ ಒಂದೇ: "ನೋಡೋಣ, ಇನ್ನೊಂದು ವರ್ಷ ಹೋಗಲಿ." ಎರಡಕ್ಕೂ ಒಂದೇ ಉತ್ತರ ಏಕೆ ಎಂಬುದು ಅವರಿಗೆ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ಆಗ ನಮಗೂ ಹೊಳೆದಿರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮವರು ಗಾದೆ ಮಾಡಿದರು. ಈ ಊರಿನಲ್ಲಿ ಮದುವೆ ಹೇಗೋ ಆಗಿಹೋಗುತ್ತದೆ. ಆಮೇಲೆ ಮನೆ ಮಗುವನ್ನು ತಡೆಯುತ್ತದೆ, ಮಗು ಮನೆಯನ್ನು ತಡೆಯುತ್ತದೆ. ನಮ್ಮ ಸಂಘದ ಅನೇಕ ಎಳೆಯ ದಂಪತಿಗಳು ಇದೇ ಇಕ್ಕಟ್ಟಿನಲ್ಲಿದ್ದಾರೆ. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಅನುಭವವನ್ನಾದರೂ ಬಿಚ್ಚಿ ಹೇಳೋಣವೆಂದು ಈ ಬರಹ.

ಹಿರಿಯರ ಕಾಲ, ನಮ್ಮ ಕಾಲ

ಮೊದಲಿಗೆ ಹಿರಿಯರಿಗೆ ನ್ಯಾಯ ಸಲ್ಲಿಸಬೇಕು. "ನಿಮಗೇನಪ್ಪಾ, ನಾವು ನೂರಕ್ಕೆ ಇಪ್ಪತ್ತೊಂದು ಬಡ್ಡಿ ಕಟ್ಟಿದವರು" ಎಂದು ಅವರು ಹೇಳುವುದು ಬರಿಯ ಮಾತಲ್ಲ. 1981ರಲ್ಲಿ ಐದು ವರ್ಷದ ಮಾರ್ಟ್‌ಗೇಜ್ ಬಡ್ಡಿ ನೂರಕ್ಕೆ 21ನ್ನು ದಾಟಿತ್ತು. ಆ ವರ್ಷ ಟೊರೊಂಟೊ ರಿಯಲ್ ಎಸ್ಟೇಟ್ ಬೋರ್ಡಿನ ಲೆಕ್ಕದಲ್ಲಿ ಮನೆಯ ಸರಾಸರಿ ಬೆಲೆ ಸುಮಾರು 90 ಸಾವಿರ ಡಾಲರ್. ಕಾಲುಭಾಗ ಕೈಯಿಂದ ಹಾಕಿ ಉಳಿದ 67,500 ಡಾಲರನ್ನು ಆ ಬಡ್ಡಿಗೆ ಸಾಲ ತಂದರೆ, ತಿಂಗಳ ಕಂತು ಸುಮಾರು 1,140 ಡಾಲರ್ ಆಗುತ್ತದೆ. ಆಗಿನ ಸಂಬಳಕ್ಕೆ ಅದು ಸಣ್ಣ ಹೊರೆಯಲ್ಲ. ಭಾರತದಿಂದ ತಂದ ಡಿಗ್ರಿಯನ್ನು ಪೆಟ್ಟಿಗೆಯಲ್ಲಿಟ್ಟು, ಗಂಡ ಹಗಲು ಪಾಳಿ, ಹೆಂಡತಿ ರಾತ್ರಿ ಪಾಳಿ ಎಂದು ದುಡಿದು ಆ ಕಂತು ಕಟ್ಟಿದವರು ನಮ್ಮ ನಡುವೆ ಇದ್ದಾರೆ.

ಆದರೂ ಒಂದು ವ್ಯತ್ಯಾಸವುಂಟು. ಅಂದಿನ ಹೊರೆ ಬಡ್ಡಿಯ ಹೊರೆ. ಇಂದಿನದು ಅಸಲಿನ ಹೊರೆ. ಬಡ್ಡಿ ಇಳಿದರೆ ನವೀಕರಣದ ದಿನ ಕಂತೂ ಇಳಿಯುತ್ತದೆ. ಅಂದಿನವರಿಗೆ ಹಾಗೆಯೇ ಆಯಿತು. ಅಸಲು ಮಾತ್ರ ಒಮ್ಮೆ ತಲೆಯ ಮೇಲೆ ಬಿದ್ದರೆ ತೀರಿಸಿಯೇ ತೀರಬೇಕು. ಆಗ ಕೈಯಿಂದ ಹಾಕಬೇಕಾದ 22 ಸಾವಿರವನ್ನು ಹೊಟ್ಟೆ ಕಟ್ಟಿಯಾದರೂ ಕೂಡಿಸಬಹುದಿತ್ತು.

ಬೆಲೆ ಏರಿಕೊಂಡೇ ಹೋಗುತ್ತದೆಂಬ ನಂಬಿಕೆಯೂ ಅರ್ಧ ಸತ್ಯವೇ. 1989ರಲ್ಲಿ ಸರಾಸರಿ ಬೆಲೆ ಸುಮಾರು 2 ಲಕ್ಷ 74 ಸಾವಿರಕ್ಕೆ ಏರಿ, 1996ರ ಹೊತ್ತಿಗೆ 1 ಲಕ್ಷ 98 ಸಾವಿರಕ್ಕೆ ಇಳಿದಿತ್ತು. ಅಂದರೆ ಕಾಲುಭಾಗಕ್ಕಿಂತ ಹೆಚ್ಚಿನ ಕುಸಿತ. 1989ರಲ್ಲಿ ಕೊಂಡವರನ್ನು ಕೇಳಿದರೆ ಗೊತ್ತಾಗುತ್ತದೆ. 2022ರ ಫೆಬ್ರವರಿಯಲ್ಲಿ ಈ ಇಡೀ ಪ್ರದೇಶದ ಸರಾಸರಿ 13 ಲಕ್ಷ 34 ಸಾವಿರಕ್ಕೆ ಮುಟ್ಟಿತು. 2025ರಲ್ಲಿ ಅದು 11 ಲಕ್ಷಕ್ಕಿಂತ ಕೆಳಗಿಳಿಯಿತು. ಇಳಿದರೂ ಎಳೆಯರ ಕೈಗೆ ಎಟುಕುವಷ್ಟು ಇಳಿಯಲಿಲ್ಲ.

ಬಸ್ಸಿನ ಹಿಂದೆ ಓಟ

ಈಗ ನಮ್ಮ ಕಥೆ. ನಮ್ಮಿಬ್ಬರಲ್ಲಿ ಒಬ್ಬರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು 2012ರಲ್ಲಿ ಇಲ್ಲಿಗೆ ಬಂದವರು. ಇನ್ನೊಬ್ಬರು 2016ರಲ್ಲಿ ಮದುವೆಯಾಗಿ ಬಂದವರು. ಸಂಶೋಧನಾ ವಿದ್ಯಾರ್ಥಿಯ ವೇತನದಲ್ಲಿ ಹೊಟ್ಟೆ, ಬಟ್ಟೆ, ಬಾಡಿಗೆ ಕಳೆದು ಮಿಕ್ಕಿದ್ದು ಸೊನ್ನೆ. ಡಾಕ್ಟರೇಟು ಮುಗಿದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಮೇಲೆ, ಸ್ಕಾರ್‌ಬರೊದ ಒಂದು ಬೇಸ್‌ಮೆಂಟಿನಲ್ಲಿ ಸಂಸಾರ ಹೂಡಿ, "ಮೊದಲು ಮನೆ, ಆಮೇಲೆ ಮಗು" ಎಂದು ನಿಶ್ಚಯಿಸಿದೆವು. ಊರಿನಲ್ಲಿ ಅಪ್ಪ ಅಮ್ಮಂದಿರೂ "ಒಂದು ಸ್ವಂತ ಸೂರು ಮಾಡಿಕೊಳ್ಳಿ" ಎಂದೇ ಹೇಳುತ್ತಿದ್ದರು. ಎರಡು ವರ್ಷದ ಮಾತು ಎಂದುಕೊಂಡಿದ್ದೆವು.

ಇಬ್ಬರೂ ದುಡಿದು ವರ್ಷಕ್ಕೆ 25 ಸಾವಿರ ಡಾಲರ್ ಉಳಿಸಿದೆವು. ಹೋಟೆಲ್ ಇಲ್ಲ, ಊರಿಗೆ ಪ್ರಯಾಣ ಮೂರು ವರ್ಷಕ್ಕೊಮ್ಮೆ, ಕಾರು ಹಳೆಯದು. ಅತ್ತ ಮನೆಯ ಬೆಲೆ ಏನು ಮಾಡಿತು? 2016ರಲ್ಲಿ ಇಲ್ಲಿನ ಸರಾಸರಿ ಸುಮಾರು 7 ಲಕ್ಷ 30 ಸಾವಿರ. 2021ರಲ್ಲಿ 10 ಲಕ್ಷ 95 ಸಾವಿರ. ಐದು ವರ್ಷದಲ್ಲಿ 3 ಲಕ್ಷ 65 ಸಾವಿರ ಏರಿಕೆ, ಅಂದರೆ ವರ್ಷಕ್ಕೆ 73 ಸಾವಿರ. ನಾವು 25 ಸಾವಿರ ಉಳಿಸುವಷ್ಟರಲ್ಲಿ ಮನೆ 73 ಸಾವಿರ ದೂರ ಹೋಗುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಹೊರಟ ಬಸ್ಸಿನ ಹಿಂದೆ ಓಡಿದವರಿಗೆ ಈ ಅನುಭವ ಗೊತ್ತು: ಓಡುತ್ತಿರುವುದೇನೋ ನಿಜ, ಬಸ್ಸು ಮಾತ್ರ ಚಿಕ್ಕದಾಗುತ್ತಿರುತ್ತದೆ.

ಏರಿಕೆಗೆ ಕಾರಣಗಳು ಹಲವು. 2020ರ ಮಾರ್ಚಿಯಿಂದ ಎರಡು ವರ್ಷ ಬ್ಯಾಂಕ್ ಆಫ್ ಕೆನಡಾದ ಬಡ್ಡಿದರ ಕೇವಲ ಕಾಲು ಪರ್ಸೆಂಟ್ ಇತ್ತು. ಸಾಲ ಅಗ್ಗವಾದಾಗ ಎಲ್ಲರ ಕೈಯಲ್ಲೂ ದೊಡ್ಡ ಚೆಕ್ಕು ಬಂತು, ಮನೆಗಳ ಸಂಖ್ಯೆ ಮಾತ್ರ ಅಷ್ಟೇ ಉಳಿಯಿತು. 2023ರ ಜುಲೈ ಹೊತ್ತಿಗೆ ಅದೇ ದರ 5ಕ್ಕೆ ಏರಿತು. ಅಗ್ಗದ ಸಾಲವನ್ನು ನಂಬಿ ಕೊಂಡವರ ನಿದ್ದೆ ಹೋಯಿತು.

ಈ ನಡುವೆ 2020ರಲ್ಲಿ ಮನೆಯ ಯಜಮಾನರು "ಬೇಸ್‌ಮೆಂಟು ನಮಗೇ ಬೇಕಾಗಿದೆ" ಎಂದು ನೋಟೀಸು ಕೊಟ್ಟರು. ಅರವತ್ತು ದಿನದಲ್ಲಿ ಕುಕ್ಕರು, ರುಬ್ಬುವ ಯಂತ್ರ, ಪುಸ್ತಕಗಳನ್ನು ಗಂಟುಕಟ್ಟಿ ಹೊರಟೆವು. "ಕೈಗೂಸಿದ್ದಿದ್ದರೆ ಏನು ಗತಿಯಾಗುತ್ತಿತ್ತು?" ಎಂಬ ಭಯ ಅಂದು ಮನಸ್ಸಿನಲ್ಲಿ ಬೇರೂರಿತು. ಬಾಡಿಗೆ ಮನೆಯಲ್ಲಿ ಮಗು ಬೇಡ ಎಂಬ ಹಟ ಇನ್ನೂ ಗಟ್ಟಿಯಾಯಿತು.

ಕೊನೆಗೆ 2022ರ ಫೆಬ್ರವರಿಯಲ್ಲಿ ಮಿಲ್ಟನ್ನಿನ ಒಂದು ಟೌನ್‌ಹೌಸಿಗೆ ಬೆಲೆ ಕೂಗಿದೆವು. ಹತ್ತು ಲಕ್ಷ ಮುಟ್ಟುವ ಹಾಗಿರಲಿಲ್ಲ. ಆಗಿನ ನಿಯಮದಂತೆ ಹತ್ತು ಲಕ್ಷ ಮತ್ತು ಮೇಲಿನ ಮನೆಗೆ ಐದನೆಯ ಒಂದು ಭಾಗವನ್ನು ಕೈಯಿಂದಲೇ ಹಾಕಬೇಕಿತ್ತು (ಆ ಮಿತಿ 2024ರ ಡಿಸೆಂಬರ್ 15ರಿಂದ ಹದಿನೈದು ಲಕ್ಷಕ್ಕೆ ಏರಿದೆ). ಇನ್‌ಸ್ಪೆಕ್ಷನ್ ಇಲ್ಲದೆ, ಯಾವ ಷರತ್ತೂ ಇಲ್ಲದೆ, ನಮ್ಮ ಕೈಮೀರಿ ಬರೆದುಕೊಟ್ಟೆವು. ಅಂದು ಸಂಜೆ ಬಂದ ಆಫರುಗಳು ಹದಿನೇಳು. ನಮ್ಮದು ಮೊದಲ ಐದರಲ್ಲೂ ಇರಲಿಲ್ಲ. ಹಿಮ ಬೀಳುತ್ತಿದ್ದ ಪಾರ್ಕಿಂಗಿನಲ್ಲಿ ಕಾರಿನೊಳಗೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಆಗ ನಮ್ಮಲ್ಲೊಬ್ಬರು ಕೇಳಿದ ಮಾತು ಇದು: "ನಾವು ಕಾಯುತ್ತಿರುವುದು ಮನೆಗೋ, ಮಗುವಿಗೋ?"

ಯಾವುದು ಮೊದಲು ಮುಗಿಯುತ್ತದೆ?

ರಸಾಯನಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುವ ಸಂಗತಿಯೊಂದಿದೆ. ಎರಡು ವಸ್ತುಗಳು ಕೂಡಿ ಮೂರನೆಯದಾಗುವಾಗ, ಯಾವುದು ಮೊದಲು ಮುಗಿದುಹೋಗುತ್ತದೋ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ. ಮಿಕ್ಕದ್ದು ಪಾತ್ರೆಯಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಇದನ್ನು ದಿನವೂ ಪ್ರಯೋಗಾಲಯದಲ್ಲಿ ಲೆಕ್ಕಹಾಕುವ ನಾವು ನಮ್ಮ ಬಾಳಿಗೆ ಅನ್ವಯಿಸಿ ನೋಡಿರಲಿಲ್ಲ. ನಮ್ಮಲ್ಲಿ ಮೊದಲು ಮುಗಿಯುವುದು ಹಣವೆಂದು ತಿಳಿದಿದ್ದೆವು. ಹಣ ನಿಧಾನವಾಗಿಯಾದರೂ ಕೂಡುತ್ತಿತ್ತು; ಮುಗಿಯುತ್ತಿದ್ದದ್ದು ವಯಸ್ಸು.

ಅಂದು ತೀರ್ಮಾನ ಮಾಡಿದೆವು, ಆದರೆ ಮಗು ನಮ್ಮ ತೀರ್ಮಾನಕ್ಕೆ ಕಾದು ನಿಂತಿರಲಿಲ್ಲ. ಒಂದು ವರ್ಷ ಕಳೆಯಿತು. ಮತ್ತೆ ಆಸ್ಪತ್ರೆ, ಪರೀಕ್ಷೆ, ಚುಚ್ಚುಮದ್ದು. ಒಂಟಾರಿಯೊ ಸರ್ಕಾರ 2015ರ ಕೊನೆಯಿಂದ ಒಂದು ಸಲದ ಐ.ವಿ.ಎಫ್. ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಳ್ಳುತ್ತದೆ. ಔಷಧಿಯ ವೆಚ್ಚ ನಮ್ಮದು, ಸರದಿಯ ಸಾಲು ಉದ್ದ. ಮನೆಗೆಂದು ಕೂಡಿಟ್ಟ ಹಣದಲ್ಲಿ ಒಂದಷ್ಟು ಅಲ್ಲಿಗೆ ಹೋಯಿತು. 2025ರ ಜನವರಿಯ ಕಡುಚಳಿಯಲ್ಲಿ ಮಗಳು ಹುಟ್ಟಿದಳು. ದೇವರು ದೊಡ್ಡವನು. ಆದರೆ ಇನ್ನೊಂದು ಮಗುವಿನ ಮಾತನ್ನು ವೈದ್ಯರು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಕಾದ ಆರು ವರ್ಷಗಳಿಗೆ ಎಷ್ಟು ಬಡ್ಡಿಯಾಯಿತೆಂದು ಯಾವ ಬ್ಯಾಂಕೂ ಲೆಕ್ಕ ಕೊಡುವುದಿಲ್ಲ.

ನಮ್ಮಂಥವರು ಬಹಳ ಮಂದಿ. 2023ರಲ್ಲಿ ಕೆನಡಾದ ಫಲವತ್ತತೆಯ ದರ ಒಬ್ಬ ಹೆಣ್ಣುಮಗಳಿಗೆ 1.26 ಮಕ್ಕಳು ಎಂಬಷ್ಟಕ್ಕೆ ಇಳಿಯಿತು. ನಮ್ಮ ಕರ್ನಾಟಕದಲ್ಲಿ 2019-21ರ ಸಮೀಕ್ಷೆಯಂತೆ ಅದು 1.7. ಇದಕ್ಕೆಲ್ಲ ಮನೆಯ ಬೆಲೆಯೊಂದೇ ಕಾರಣವಲ್ಲ. ಆದರೆ ಅದೂ ಒಂದು ಕಾರಣ ಎನ್ನುವುದಕ್ಕೆ ನಾವೇ ಸಾಕ್ಷಿ.

ಬ್ಯಾಂಕು ಕೇಳದ ಪ್ರಶ್ನೆ

ಮನೆ ಕೊಳ್ಳಲು ಹೊರಟ ಎಳೆಯರಿಗಾಗಿ ಒಂದು ಲೆಕ್ಕ ಕೊಡುತ್ತೇವೆ. 9 ಲಕ್ಷದ ಟೌನ್‌ಹೌಸ್ ಎಂದಿಟ್ಟುಕೊಳ್ಳಿ. ಮೊದಲ 5 ಲಕ್ಷಕ್ಕೆ ನೂರಕ್ಕೆ 5, ಉಳಿದದ್ದಕ್ಕೆ ನೂರಕ್ಕೆ 10ರಂತೆ ಕನಿಷ್ಠ ಡೌನ್ ಪೇಮೆಂಟ್ 65 ಸಾವಿರ. ಇಷ್ಟು ಕಡಮೆ ಹಾಕಿದರೆ ಸಾಲಕ್ಕೆ ವಿಮೆ ಕಡ್ಡಾಯ. ಅದು ಸುಮಾರು 35 ಸಾವಿರವಾಗಿ ಸಾಲಕ್ಕೇ ಸೇರುತ್ತದೆ. ವಿಮೆಯ ಮೇಲಿನ ಮಾರಾಟ ತೆರಿಗೆ ಸುಮಾರು 2,800ನ್ನು ಮಾತ್ರ ರೊಕ್ಕವಾಗಿ ಕೊಡಬೇಕು. ಒಂಟಾರಿಯೊದ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ 14,475. ಟೊರೊಂಟೊ ನಗರದ ಗಡಿಯೊಳಗಾದರೆ ನಗರಕ್ಕೂ ಅಷ್ಟೇ ಕೊಡಬೇಕು. ಬಡ್ಡಿ ನೂರಕ್ಕೆ ನಾಲ್ಕೂವರೆ, ಅವಧಿ ಮೂವತ್ತು ವರ್ಷ ಎಂದರೆ ಕಂತು ತಿಂಗಳಿಗೆ ಸುಮಾರು 4,400. ಮನೆ ತೆರಿಗೆ, ಹೀಟಿಂಗ್ ಸೇರಿದರೆ 5,000.

ಸಾಲ ಕೊಡುವ ಮುನ್ನ ಬ್ಯಾಂಕು 'ಸ್ಟ್ರೆಸ್ ಟೆಸ್ಟ್' ಮಾಡುತ್ತದೆ. ಬಡ್ಡಿ ಇನ್ನೂ ನೂರಕ್ಕೆ ಎರಡು ಹೆಚ್ಚಿದ್ದರೂ ಕಟ್ಟಬಲ್ಲಿರಾ ಎಂದು ನೋಡುತ್ತದೆ. ನಮ್ಮ ಲೆಕ್ಕದಲ್ಲಿ ಈ ಮನೆಗೆ ಇಬ್ಬರ ಸಂಬಳ ಸೇರಿ ವರ್ಷಕ್ಕೆ ಸುಮಾರು 1 ಲಕ್ಷ 85 ಸಾವಿರ ಬೇಕು. ತಲಾ 95 ಸಾವಿರ ದುಡಿಯುವ ದಂಪತಿಗಳು ಈ ಪರೀಕ್ಷೆಯಲ್ಲಿ ಪಾಸು.

ಆದರೆ ಬಡ್ಡಿ ಏರಿದರೆ ಏನು ಮಾಡುತ್ತೀರಿ ಎಂದು ಕೇಳುವ ಬ್ಯಾಂಕು, ತೊಟ್ಟಿಲು ಕಟ್ಟಿದರೆ ಏನು ಮಾಡುತ್ತೀರಿ ಎಂದು ಕೇಳುವುದಿಲ್ಲ. ಹೆರಿಗೆಯ ರಜೆಯಲ್ಲಿ ಉದ್ಯೋಗ ವಿಮೆಯಿಂದ ಸಂಬಳದ ನೂರಕ್ಕೆ 55 ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೊಂದು ಮೇಲ್ಮಿತಿಯಿದೆ ಎಂಬುದನ್ನು ಮರೆಯುತ್ತಾರೆ. 2025ರಲ್ಲಿ ಆ ಮಿತಿ ವಾರಕ್ಕೆ 695 ಡಾಲರ್. ತಿಂಗಳಿಗೆ 7,900 ಸಂಬಳವಿದ್ದ ಕಡೆ ಕೈಗೆ ಬರುವುದು 3,000, ಅದರ ಮೇಲೂ ತೆರಿಗೆ. ತಾಯಿಗೆ ಹೆರಿಗೆಯ 15 ವಾರ, ಆಮೇಲೆ ಪೋಷಕರ ರಜೆ 35 ವಾರ; ತಂದೆಯೂ ಹಂಚಿಕೊಂಡರೆ ಇನ್ನೈದು ವಾರ ಹೆಚ್ಚು. ಆದ್ದರಿಂದ ನಮ್ಮ ಸಲಹೆ: ಬ್ಯಾಂಕಿನ ಪರೀಕ್ಷೆ ಹಾಗಿರಲಿ, ಮನೆಯ ಅಡುಗೆ ಮೇಜಿನ ಮೇಲೆ ನೀವೇ ಒಂದು ಪರೀಕ್ಷೆ ಮಾಡಿ. ಒಂದು ಸಂಬಳ ಮತ್ತು ತಿಂಗಳಿಗೆ 3,000ದಲ್ಲಿ ಒಂದು ವರ್ಷ ಆ ಕಂತು ಕಟ್ಟಬಲ್ಲಿರಾ? ಆಗದಿದ್ದರೆ ಆ ಮನೆ ಮಗುವಿಗೆ ಜಾಗ ಕೊಡುವುದಿಲ್ಲ, ಮಗುವಿನ ಜಾಗವನ್ನೇ ತಿನ್ನುತ್ತದೆ.

ಆ ವರ್ಷ ಕಳೆದ ಮೇಲೆ ಈಗ ಸ್ವಲ್ಪ ಸಮಾಧಾನವಿದೆ. ಸರ್ಕಾರದ ಯೋಜನೆಗೆ ಸೇರಿದ ಡೇ ಕೇರುಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ 2025ರ ಜನವರಿಯಿಂದ ದಿನದ ಶುಲ್ಕ 22 ಡಾಲರಿಗೆ ಮೀರದಂತೆ ಮಾಡಿದರು. ಆದರೆ ಜಾಗ ಸಿಗಬೇಕು. ಬಸುರಿಯಾಗಿರುವಾಗಲೇ ಹೆಸರು ಬರೆಸಿ. ನಾವು ಹಾಗೆಯೇ ಮಾಡಿದೆವು.

ಎರಡು ಎಚ್ಚರಿಕೆ, ಒಂದು ಉಪಾಯ

ಮೊದಲನೆಯ ಎಚ್ಚರಿಕೆ ನಮ್ಮವರಿಗೇ ಮೀಸಲಾದದ್ದು. ಮೊದಲ ಸಲ ಮನೆ ಕೊಳ್ಳುವವರಿಗೆ ಒಂಟಾರಿಯೊ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸಿನಲ್ಲಿ 4,000 ಡಾಲರ್‌ವರೆಗೆ, ಟೊರೊಂಟೊ ನಗರ 4,475ರವರೆಗೆ ಹಿಂತಿರುಗಿಸುತ್ತವೆ. ಆದರೆ ಒಂಟಾರಿಯೊದ ನಿಯಮದಲ್ಲಿ 'ಮೊದಲ ಸಲ' ಎಂದರೆ ಪ್ರಪಂಚದ ಯಾವ ಮೂಲೆಯಲ್ಲೂ, ಯಾವ ಕಾಲದಲ್ಲೂ, ಮನೆಯಲ್ಲಿ ಪಾಲಿದ್ದಿರಬಾರದು. ಊರಿನಲ್ಲಿ ಅಪ್ಪ ಪ್ರೀತಿಯಿಂದ ಮನೆಯ ಪತ್ರಕ್ಕೆ ಮಗನ ಹೆಸರು ಸೇರಿಸುತ್ತಾರೆ. ನಮ್ಮಲ್ಲೂ ಹಾಗೆಯೇ ಆಗಿತ್ತು. ಮದುವೆಯಾದ ಮೇಲೆ ಗಂಡ ಹೆಂಡಿರಲ್ಲಿ ಒಬ್ಬರಿಗೆ ಹೀಗೆ ಪಾಲಿದ್ದರೂ ಇಬ್ಬರಿಗೂ ಹಣ ಹಿಂದಿರುಗದು ಎಂದು ವಕೀಲರು ತಿಳಿಸಿದಾಗ ನಮಗೆ ಗೊತ್ತಾಯಿತು. ಹೆಸರು ಸೇರಿಸುವ ಮುನ್ನ ಊರಿನವರಿಗೆ ಒಂದು ಫೋನು ಮಾಡಿ.

ಎರಡನೆಯದು ಬಾಡಿಗೆದಾರರಿಗೆ. ಮನೆಯ ಯಜಮಾನರು ಒಬ್ಬ ವ್ಯಕ್ತಿಯಾಗಿದ್ದರೆ, ತಮ್ಮ ಅಥವಾ ಹತ್ತಿರದ ಬಂಧುಗಳ ವಾಸಕ್ಕೆಂದು 60 ದಿನದ ನೋಟೀಸು ಕೊಟ್ಟು, ಒಂದು ತಿಂಗಳ ಬಾಡಿಗೆಯನ್ನು ಪರಿಹಾರವಾಗಿ ಕೊಟ್ಟು ತೆರವು ಕೇಳಬಹುದು. ಕಂಪೆನಿಗಳು ನಡೆಸುವ ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಈ ಭಯವಿಲ್ಲ. 2018ರ ನವೆಂಬರ್ 15ಕ್ಕೆ ಮುಂಚೆ ವಾಸಕ್ಕೆ ಬಂದ ಮನೆಗಳಿಗೆ ವರ್ಷದ ಬಾಡಿಗೆ ಏರಿಕೆಗೆ ಸರ್ಕಾರದ ಮಿತಿಯಿದೆ. 2025ರಲ್ಲಿ ಅದು ನೂರಕ್ಕೆ ಎರಡೂವರೆ ಇತ್ತು. ಆ ತಾರೀಖಿನ ನಂತರದ ಹೊಸ ಕಾಂಡೊಗಳಿಗೆ ಮಿತಿಯಿಲ್ಲ. ಹೊಳೆಯುವ ಹೊಸ ಕಾಂಡೊ ಬಿಟ್ಟು, ಹಳೆಯ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿದೆವು. ಲಿಫ್ಟು ಕೆಲವು ದಿನ ಮುನಿಯುತ್ತದೆ, ಅಡುಗೆಮನೆ ಕಿರಿದು. ಆದರೆ ನಾಳೆ ಎಬ್ಬಿಸುತ್ತಾರೆಂಬ ಭಯವಿಲ್ಲದೆ ಮಗು ಮಲಗುತ್ತದೆ.

ಉಪಾಯವೆಂದರೆ, 2023ರ ಏಪ್ರಿಲ್‌ನಿಂದ ಬಂದಿರುವ ಎಫ್.ಎಚ್.ಎಸ್.ಎ. ಖಾತೆ. ವರ್ಷಕ್ಕೆ 8,000ದಂತೆ ಒಟ್ಟು 40,000 ಡಾಲರ್ ಹಾಕಬಹುದು. ಹಾಕುವಾಗ ತೆರಿಗೆ ವಿನಾಯಿತಿ, ಮನೆಗೆಂದು ತೆಗೆಯುವಾಗಲೂ ತೆರಿಗೆಯಿಲ್ಲ. ಇಲ್ಲಿ 'ಮೊದಲ ಸಲ' ಎಂಬುದರ ಅರ್ಥ ಬೇರೆ: ನಾವಾಗಲಿ ಸಂಗಾತಿಯಾಗಲಿ ಒಡೆಯರಾಗಿರುವ ಮನೆಯಲ್ಲಿ ಈ ವರ್ಷವೂ ಹಿಂದಿನ ನಾಲ್ಕು ವರ್ಷವೂ ವಾಸವಾಗಿರಬಾರದು ಅಷ್ಟೇ. ಖಾತೆ ತೆರೆದ ವರ್ಷದಿಂದ ಮಾತ್ರ ಹಕ್ಕು ಶುರುವಾಗುವುದರಿಂದ ಹಣವಿಲ್ಲದಿದ್ದರೂ ಇಂದೇ ತೆರೆದಿಡಿ. ಮನೆ ಕೊಳ್ಳದೇ ಹೋದರೆ ಆ ಹಣವನ್ನು ಆರ್.ಆರ್.ಎಸ್.ಪಿ.ಗೆ ವರ್ಗಾಯಿಸಬಹುದು. ಆರ್.ಆರ್.ಎಸ್.ಪಿ.ಯಿಂದ ಮನೆಗೆಂದು ತಲಾ 60,000ದವರೆಗೆ ತೆಗೆಯಲು 2024ರ ಏಪ್ರಿಲ್‌ನಿಂದ ಅವಕಾಶವಿದೆ. ಅದನ್ನು ಮಾತ್ರ ಹದಿನೈದು ವರ್ಷದಲ್ಲಿ ಮರಳಿ ತುಂಬಬೇಕು.

ರಾಯರು ತಂದ ತೊಟ್ಟಿಲು

ಮಗಳು ಹುಟ್ಟಿದಾಗ ಊರಿನಿಂದ ಅಮ್ಮ ಬಂದರು. ಬಾಡಿಗೆ ಮನೆಯ ಬಾಣಂತನ ಹೇಗೆಂದು ನಮಗೆ ಹೆದರಿಕೆಯಿತ್ತು. ಮೊದಲ ದಿನವೇ ಸಾಂಬ್ರಾಣಿ ಹೊಗೆಗೆ ಅಲಾರಾಂ ಕಿರುಚಿ, ನೆರೆಯವರೆಲ್ಲ ಬಾಗಿಲು ತೆರೆದು ನೋಡಿದರು. ಎದುರು ಮನೆಯ ಅಜ್ಜಿ ಬಂದು ಮಗುವನ್ನು ಎತ್ತಿಕೊಂಡು ಹೋದದ್ದೇ ಲಾಭ. ಅಂಟಿನುಂಡೆ, ಎಣ್ಣೆ ನೀರು ಎಲ್ಲವೂ ಆ ಕಿರಿದಾದ ಜಾಗದಲ್ಲೇ ಸಾಂಗವಾಗಿ ನಡೆದವು.

ನಾಮಕರಣಕ್ಕೆ ನಮ್ಮ ರಾಯರನ್ನೂ ಅವರ ಮನೆಯವರನ್ನೂ ಕರೆದಿದ್ದೆವು. ಮರದ ಒಂದು ಹಳೆಯ ತೊಟ್ಟಿಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದರು. "ನಮ್ಮ ದೊಡ್ಡವನು ಮಲಗಿದ್ದು ಇದರಲ್ಲೇ. ಆಗ ನಾವು ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿದ್ದೆವು, ಒಂದೇ ಬೆಡ್‌ರೂಮು. ತೊಟ್ಟಿಲು ಇಟ್ಟರೆ ಬೀರುವಿನ ಬಾಗಿಲು ತೆರೆಯುತ್ತಿರಲಿಲ್ಲ" ಎಂದರು ಅವರ ಮನೆಯವರು.

"ಮತ್ತೆ ಮನೆ?" ಎಂದು ಕೇಳಿದೆವು.

"ಮನೆ ತೊಗೊಂಡದ್ದು ಅವನಿಗೆ ಒಂದೂವರೆ ವರ್ಷ ಆದಮೇಲೆ ಕಣಮ್ಮಾ. ಆಮೇಲೆ ತಾನೇ ಅಷ್ಟು ದುಡ್ಡು ಕೂಡಿದ್ದು!"

ಇಷ್ಟು ವರ್ಷ ಯುಗಾದಿ, ದೀಪಾವಳಿಗಳಲ್ಲಿ ಮೂರನೆಯ ವರ್ಷಕ್ಕೆ ಮನೆ ಕೊಂಡ ಕಥೆಯನ್ನು ಕೇಳಿದ್ದೆವು. ಎರಡನೆಯ ವರ್ಷ ಬಾಡಿಗೆ ಮನೆಯಲ್ಲಿ ಮಗು ಹುಟ್ಟಿದ ಕಥೆಯನ್ನು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. "ಮೊದಲು ಮನೆ, ಆಮೇಲೆ ಮಗು" ಎಂಬ ನಿಯಮವನ್ನು ಹಿರಿಯರು ಮಾಡಿದರೆಂದು ನಾವೇ ಅಂದುಕೊಂಡಿದ್ದೆವು.

ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಮನೆ ಕೊಂಡ ಕಥೆಯ ಜೊತೆಗೆ ಅದಕ್ಕೆ ಮುಂಚಿನ ಬಾಡಿಗೆ ಮನೆಯ ಕಥೆಯನ್ನೂ ಎಳೆಯರಿಗೆ ಹೇಳಿ. ಎಳೆಯರಲ್ಲಿ ಇಷ್ಟೇ: ಮನೆ ಬೇಡವೆಂದು ನಾವು ಹೇಳುತ್ತಿಲ್ಲ, ನಾವೂ ಕೂಡಿಡುತ್ತಲೇ ಇದ್ದೇವೆ. ಆದರೆ ಮನೆಗೆ ಕಾಯುವ ಶಕ್ತಿಯಿದೆ. ಮಗು ಬೇಕೆಂಬ ಮನಸ್ಸಿದ್ದವರು ಅದನ್ನು ರಿಜಿಸ್ಟರಾದ ಪತ್ರಕ್ಕೆ ಗಂಟುಹಾಕಬೇಡಿ.

ಸಂಘದವರು ಒಂದು ಶನಿವಾರ ಮಧ್ಯಾಹ್ನ, ಈ ವಿಷಯ ಬಲ್ಲ ಸದಸ್ಯರನ್ನು ಕೂಡಿಸಿ ಎಳೆಯ ದಂಪತಿಗಳೊಡನೆ ಮಾತುಕತೆ ಏರ್ಪಡಿಸಿದರೆ ಉಪಕಾರವಾದೀತು. ಕಾಫಿ, ಉಪ್ಪಿಟ್ಟಿನ ಹೊಣೆ ನಮ್ಮದು. ತೊಟ್ಟಿಲು ಸದ್ಯ ನಮ್ಮಲ್ಲಿದೆ. ಮಗಳು ಅದರಲ್ಲಿ ಮಲಗುವ ಕಾಲ ಮುಗಿಯಿತು. ಬೇಕಾದವರು ತಿಳಿಸಿದರೆ, ರಾಯರ ಒಪ್ಪಿಗೆ ಪಡೆದು, ತಂದುಕೊಡುತ್ತೇವೆ.